ಜಾವಗಲ್ಲಿನಲ್ಲಿ ನಿಲ್ಲದ ವಿಮಾನ

ನಾನು ವಿಮಾನ ಓಡಿಸುವ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಮಾನ ಇದ್ದದ್ದು ನನ್ನ ಮೊಬೈಲಿನಲ್ಲಿ. ಬೇಲೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳಿ ಅರಸೀಕೆರೆಗೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಸಾಕು, ಇಯರ್‌ಫೋನ್ ಹಾಕಿಕೊಂಡು ಮೇಲೇರುತ್ತಿದ್ದೆ. ಫೋನನ್ನು ಎಡಕ್ಕೆ ಓರೆ ಮಾಡಿದರೆ ವಿಮಾನ ಎಡಕ್ಕೆ, ಬಲಕ್ಕೆ ಓರೆ ಮಾಡಿದರೆ ಬಲಕ್ಕೆ, ನಮ್ಮ ಕಡೆ ವಾಲಿಸಿಕೊಂಡರೆ ಮೇಲಕ್ಕೆ. ಪಕ್ಕದಲ್ಲಿ ಕೂತವರು ಇಣುಕಿದರೆ ಮಾತ್ರ ಥಟ್ಟನೆ ಫೋನನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಆಗ ವಿಮಾನ ನೆಟ್ಟಗೆ ಆಕಾಶಕ್ಕೆ ಮೂತಿ ಎತ್ತಿ, ವೇಗ ಕಳೆದುಕೊಂಡು, ಬೀಳುತ್ತಿತ್ತು. ನನ್ನ ಸಂಕೋಚಕ್ಕೆ ಬಲಿಯಾದ ವಿಮಾನಗಳಿಗೆ ಲೆಕ್ಕವಿಲ್ಲ.

ನಿಜವಾದ ವಿಮಾನವನ್ನು ನಾನು ಹತ್ತಿರದಿಂದ ಕಂಡವಳೂ ಅಲ್ಲ, ಕಾಣಬೇಕೆಂದು ಹಂಬಲಿಸಿದವಳೂ ಅಲ್ಲ. ಯಾರೂ ಮಾತಾಡಿಸದ, ಯಾರ ಮನೆಯವಳು ಎಂದು ಕೇಳದ ಒಂದು ಜಾಗ ಬೇಕಿತ್ತು, ಅಷ್ಟೇ. ಆ ಬಸ್ಸಿನಲ್ಲಿ ಅದು ಸಿಗುವ ಹಾಗಿರಲಿಲ್ಲ. ಆ ದಾರಿಯ ಅಷ್ಟೂ ಕಂಡಕ್ಟರುಗಳಿಗೆ ನಾನು ನಮ್ಮಪ್ಪನ ಮಗಳು.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಸರ್ವೀಸಿನ ಬಹುಪಾಲು ಒಂದೇ ದಾರಿ: ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು. ನಿವೃತ್ತರಾದ ಮೇಲೆ ಅವರ ಕೈಗಳು ಸುಮ್ಮನಾದವು, ಬಲಗಾಲು ಆಗಲಿಲ್ಲ. ಬೇರೆಯವರು ಓಡಿಸುವ ಯಾವ ಗಾಡಿಯಲ್ಲಿ ಕೂತರೂ ಆ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಸೋದರಮಾವನ ಹೊಸ ಕಾರಿನಲ್ಲಿ ಹಾಸನಕ್ಕೆ ಹೋಗಿ ಬಂದ ದಿನ ಮಾವ ಅಮ್ಮನ ಹತ್ತಿರ ದೂರು ತಂದರು: "ಭಾವ ಕಾಲ್ ಕೆಳಗಿನ ಮ್ಯಾಟ್ನ ತುಳ್ದು ತುಳ್ದು ತೂತು ಮಾಡವ್ರೆ ಕಣಕ್ಕ." ಬಸ್ಸಿನಲ್ಲಾದರೆ ಅಪ್ಪನಿಗೆ ಡ್ರೈವರ್ ಹಿಂದಿನ ಸೀಟೇ ಆಗಬೇಕು. ಅದು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಾರೆ.

ಇಂಥವರನ್ನು ವಿಮಾನ ಹತ್ತಿಸಬೇಕಾಗಿ ಬಂತು.

ಅಮ್ಮನ ತವರು ಹಗರೆ. ಅಲ್ಲಿ ಡೈರಿಗೆ ಹಾಲು ಹಾಕುವ ಹೆಂಗಸರೆಲ್ಲ ಸೇರಿ ಕಾಶಿಗೆ ಹೋಗುವುದು, ಅದೂ ವಿಮಾನದಲ್ಲಿ, ಎಂದು ತೀರ್ಮಾನಿಸಿದರು. ಊರ ಮಗಳೆಂದು ಅಮ್ಮನನ್ನೂ ಕರೆದರು. ಗಂಡಂದಿರೂ ಬರಲೇಬೇಕು. ಗಂಗೆಯಲ್ಲಿ ಗಂಡನ ಪಂಚೆಗೂ ಹೆಂಡತಿಯ ಸೆರಗಿಗೂ ಗಂಟು ಹಾಕಿ ಜೋಡಿಯಾಗಿ ಮುಳುಗುವುದು ನಮ್ಮಲ್ಲಿ ಪದ್ಧತಿ. ಗಂಡನನ್ನು ಮನೆಯಲ್ಲಿ ಬಿಟ್ಟು ಹೆಂಡತಿಯೊಬ್ಬಳೇ ಮುಳುಗಿ ಬಂದರೆ, ಅಮ್ಮನ ಪ್ರಕಾರ, ಅದು ಬರೀ ಸ್ನಾನ. ಸರ್ವೀಸಿನಲ್ಲಿದ್ದಷ್ಟು ಕಾಲ ಕಾಶಿಯ ಮಾತು ಬಂದಾಗಲೆಲ್ಲ ಅಪ್ಪನಿಗೆ ರಜೆ ಸಿಗುತ್ತಿರಲಿಲ್ಲ. ಈಗ ರಜೆಯೇ ರಜೆ. ಹೆಸರು ಕೊಡಲು ಸೋಮವಾರ ಬೆಳಿಗ್ಗೆಯೇ ಕೊನೆ.

"ನಾನ್ ಬರಲ್ಲ ಕಣೇ," ಎಂದರು ಅಪ್ಪ. "ಅರಸೀಕೆರೆ ಜಂಕ್ಷನ್ನಾಗೆ ರೈಲ್ ಹತ್ತಾನ ಬಾ."

"ಅವ್ರೆಲ್ಲ ಸ್ನಾನ ಮುಗಿಸ್ಕೊಂಡು ವಾಪಸ್ ಬಂದಿರ್ತಾರೆ. ನಾವಿನ್ನೂ ರೈಲಲ್ಲಿ ಚಿತ್ರಾನ್ನ ತಿಂತಾ ಕೂತಿರ್ತೀವಿ," ಎಂದರು ಅಮ್ಮ.

"ಡ್ರೈವರ್ ಮುಖ ನೋಡ್ದೆ ನಾನ್ ಯಾವ್ ಗಾಡೀನೂ ಹತ್ತಲ್ಲ. ಅವ್ನು ನಿದ್ದೆ ಮಾಡವ್ನೋ, ಮನೇಲಿ ಜಗಳ ಆಡ್ಕಂಡು ಬಂದವ್ನೋ, ಕಣ್ ನೋಡುದ್ರೆ ಗೊತ್ತಾಯ್ತದೆ. ವಿಮಾನದಾಗೆ ಬಾಗ್ಲು ಹಾಕ್ಕಂಡು ಒಳಗ್ ಕೂತಿರ್ತಾನಂತೆ."

"ನಿಮ್ ಬಸ್ ಹತ್ತಿದೋರು ನಿಮ್ ಕಣ್ ನೋಡಿ ಹತ್ತಿದ್ರಾ? ನಿಮ್ ಬೆನ್ ನೋಡ್ಕೊಂಡು ಬೇಲೂರು ತಂಕ ಹೋಗ್ಲಿಲ್ವಾ?"

"ಬೆನ್ನಾದ್ರೂ ಕಾಣ್ತಿತ್ತಲ್ಲ!"

ಅಮ್ಮ ಗಂಗಾಸ್ನಾನಕ್ಕೆಂದು ಆರಿಸಿ ಹೊರಗಿಟ್ಟಿದ್ದ ಹಳದಿ ಸೀರೆಯನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟರು. ಬೀರುವಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ದಡಾರನೆ ಮುಚ್ಚಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮ ಮನೆಯಲ್ಲಿ ಸಿಟ್ಟು ಸಂಜೆಯೊಳಗೆ ಇಳಿಯುತ್ತದೆ. ಇದು ಸಿಟ್ಟಲ್ಲ.

ಹಾಗಾಗಿ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪನ ಪಕ್ಕ ಕೂತು ಫೋನು ತೆಗೆದೆ. ಸ್ನಾನದ ಮನೆಯಲ್ಲಿ ಹಾಡಿಕೊಳ್ಳುವುದನ್ನು ವೇದಿಕೆಯ ಮೇಲೆ ಹಾಡು ಎಂದಷ್ಟು ನಾಚಿಕೆಯಾಯಿತು. ನನ್ನ ಸಿದ್ಧಾಂತ ಸರಳವಾಗಿತ್ತು: ಹೆದರಿಕೆ ಹುಟ್ಟುವುದು ಗೊತ್ತಿಲ್ಲದ್ದರಿಂದ, ಗೊತ್ತಾಗುತ್ತಾ ಹೋದಂತೆ ಅದು ಕಡಿಮೆಯಾಗಬೇಕು. ತರಗತಿಯ ಬೋರ್ಡಿನ ಮೇಲೆ ಹಾಗೆ ಇಳಿಯುತ್ತಾ ಹೋಗುವ ಗೆರೆಯನ್ನು ಕಣ್ಣು ಮುಚ್ಚಿ ಬರೆಯಬಲ್ಲೆ.

"ಏನವ್ವ ಇದು?"

"ವಿಮಾನದ ಡ್ರೈವರ್ ಸೀಟು ಅಪ್ಪ. ಆ ಬಾಗಿಲ ಹಿಂದೆ ಏನ್ ನಡೆಯುತ್ತೆ, ನೀವೇ ನೋಡಿ."

ಅಪ್ಪ ಕನ್ನಡಕ ಹಾಕಿಕೊಂಡರು. ಟವೆಲಿನಲ್ಲಿ ಅಂಗೈ ಒರೆಸಿಕೊಂಡರು. ಪ್ರತಿದಿನ ಸ್ಟೀರಿಂಗಿಗೆ ಮಾಡುತ್ತಿದ್ದಂತೆ ಫೋನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಗಾಡಿ ತಪಾಸಣೆ ಶುರುವಾಯಿತು.

"ಕನ್ನಡಿ ಎಲ್ಲೈತೆ?"

"ಇಲ್ಲ."

"ಹಿಂದ್ಗಡೆ ಬರೋನು ಹೆಂಗ್ ಕಾಣ್ತಾನೆ?"

"ಹಿಂದೆ ಯಾರೂ ಬರಲ್ಲ ಅಪ್ಪ."

"ಹಾರ್ನು?"

"ಇಲ್ಲ."

ಅಪ್ಪ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನತ್ತ ತಿರುಗಿದರು. "ಕೇಳ್ದಾ? ಹಾರ್ನಿಲ್ದಿರೋ ಗಾಡಿ ಹತ್ತಬೇಕಂತೆ ನಾನು."

ಇಂಜಿನ್ ಚಾಲೂ ಮಾಡಿ ಕೊಟ್ಟೆ. ಮುಂದೆ ಉದ್ದನೆಯ ರನ್‌ವೇ. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು.

"ಬಿಡಿ ಅಪ್ಪ."

"ಹೇಳ್ಬೇಕಲ್ಲವ್ವ."

"ಏನು?"

"ಹಿಂದಿನ ಬಾಗ್ಲು ಹಾಕವ್ರೋ ಇಲ್ವೋ ನಂಗೇನ್ ಗೊತ್ತು? ಕಂಡಕ್ಟರ್ ಹೇಳ್ದೆ ಗಾಡಿ ಬಿಟ್ಟವನಲ್ಲ ನಾನು."

ನಾನು ಏನೋ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಮೊರದಿಂದ ತಲೆಯೆತ್ತದೆಯೇ, "ರೈಟ್!" ಎಂದರು. ವಿಮಾನ ಹೊರಟಿತು.

ಮೇಲೇರಿದ್ದೂ ಆಯಿತು. ತಿರುಗಿಸುವಾಗ ಮಾತ್ರ ಎಡವಟ್ಟಾಯಿತು. ಫೋನನ್ನು ಒಂದಿಷ್ಟೇ ಓರೆ ಮಾಡಬೇಕು. ಅಪ್ಪ ಹಳೆಯ ಬಸ್ಸಿನ ಸ್ಟೀರಿಂಗ್ ಸುತ್ತಿದವರು. ಕೈ ಮೇಲೆ ಕೈ ಹಾಕಿ, ಭುಜ ಎತ್ತಿ, ಫೋನನ್ನು ಪೂರ್ತಿ ಒಂದು ಸುತ್ತು ತಿರುಗಿಸಿಬಿಟ್ಟರು. ಭೂಮಿ ಮೇಲೆ ಹೋಯಿತು, ಆಕಾಶ ಕೆಳಗೆ ಬಂತು.

"ಜನ ಎಲ್ಲ ತಲೆಕೆಳಗಾದ್ರಲ್ರೀ!" ಅಮ್ಮ ಅವರೆಕಾಯಿ ಬಿಟ್ಟು ಎದ್ದು ಬಂದಿದ್ದರು.

"ಟರ್ನಿಂಗು ಕಣೇ, ಗಟ್ಟಿಯಾಗಿ ಹಿಡ್ಕಳಕ್ಕೆ ಹೇಳು ಅವರ್ಗೆ."

ಸಂಜೆಯ ಹೊತ್ತಿಗೆ ಅಪ್ಪ ಪರವಾಗಿಲ್ಲ ಎನ್ನುವಷ್ಟು ಕಲಿತರು. ಗೊತ್ತಿಲ್ಲದ ಊರುಗಳ ಮೇಲೆ ಹಾರಾಡಿ ಬೇಜಾರಾಗಿ, ತಮ್ಮ ರೂಟೇ ಬೇಕು ಎಂದರು. ಈ ಆಟದಲ್ಲಿ ನೆಲವೆಲ್ಲ ಉಪಗ್ರಹದ ಚಿತ್ರ. ಎಲ್ಲಿ ಬೇಕಾದರೂ ಆಕಾಶದಿಂದಲೇ ಶುರು ಮಾಡಬಹುದು. ಅರಸೀಕೆರೆಯ ಮೇಲಿಟ್ಟು ಕೊಟ್ಟೆ. ಅಪ್ಪ ರೈಲಿನ ಹಳಿ ಗುರುತಿಸಿದರು, ಅದರ ಪಕ್ಕದ ರಸ್ತೆ ಹಿಡಿದರು. ಹಿಡಿದರು ಎಂದರೆ ಹಿಡಿದೇಬಿಟ್ಟರು. ತೆಂಗಿನ ಮರಕ್ಕೆ ತಾಗುವಷ್ಟು ಕೆಳಗೆ, ರಸ್ತೆ ಬಾಗಿದಲ್ಲಿ ಬಾಗುತ್ತಾ, ಎಡಬದಿಯಲ್ಲೇ ಹೋದರು. ಬಾಣಾವರ ದಾಟಿದ್ದು ಹೇಗೋ ಗೊತ್ತಿಲ್ಲ. ಜಾವಗಲ್ ಹತ್ತಿರ ಬರುತ್ತಿದ್ದಂತೆ ವೇಗ ಇಳಿಯತೊಡಗಿತು.

"ಯಾಕಪ್ಪ ನಿಧಾನ?"

"ಜಾವಗಲ್ ಬಂತಲ್ಲವ್ವ."

"ಇದು ಇಲ್ಲಿ ನಿಲ್ಲಲ್ಲ."

"ನಿಲ್ಲಲ್ಲ ಅಂದ್ರೆ? ಕಾಯ್ತಾ ನಿಂತಿರ್ತಾರಲ್ಲ!"

ವೇಗ ಇನ್ನೂ ಇಳಿಯಿತು. ಇಷ್ಟಕ್ಕಿಂತ ನಿಧಾನವಾದರೆ ರೆಕ್ಕೆಗಳು ವಿಮಾನವನ್ನು ಹೊರುವುದಿಲ್ಲ ಎಂದು ನಾನು ಹೇಳಿ ಮುಗಿಸುವ ಮೊದಲೇ ಅದು ಜಾವಗಲ್ ಬಸ್ ನಿಲ್ದಾಣದ ಮೇಲೆ ಬಿತ್ತು. ಭಾನುವಾರ ಬೆಳಿಗ್ಗೆ ಮತ್ತೆ ಹೊರಟರು, ಮತ್ತೆ ಅಲ್ಲೇ ಬಿದ್ದರು. ನಿಲ್ಲಿಸಬಾರದು ಎಂದು ಅವರಿಗೂ ಗೊತ್ತಿತ್ತು. ಆದರೆ ಆ ತಿರುವು ಬಂದೊಡನೆ ಕೈ ತಾನಾಗಿ ವೇಗ ಇಳಿಸುತ್ತಿತ್ತು.

"ಜಾವಗಲ್ಲಿನೋರು ಊರು ಖಾಲಿ ಮಾಡೋದೊಂದೇ ದಾರಿ," ಎಂದರು ಅಮ್ಮ.

ತಿಂಡಿಯಾದ ಮೇಲೆ ಅಪ್ಪ ಫೋನನ್ನು ನನ್ನ ಕೈಗಿಟ್ಟು ಗಂಭೀರವಾಗಿ ಹೇಳಿದರು: "ನೀನ್ ತೋರ್ಸಿದ್ದು ಒಳ್ಳೇದಾಯ್ತು ಕಣವ್ವ. ಮೊದ್ಲು ಸುಮ್ ಸುಮ್ನೆ ಹೆದ್ರುತಿದ್ದೆ. ಈಗ ಕಾರಣ ಸಿಕ್ತು. ನಿಧಾನ ಮಾಡುದ್ರೆ ಬೀಳೋ ಗಾಡಿ ಇದು! ನನ್ ಸರ್ವೀಸ್ನಾಗೆ ಜೋರಾಗ್ ಹೋಗಿ ಬಿದ್ದಿರೋ ಗಾಡಿ ಬೇಕಾದಷ್ಟು ನೋಡಿವ್ನಿ. ನಿಧಾನಕ್ ಹೋಗಿ ಬಿದ್ದಿದ್ದು ಒಂದೂ ನೋಡಿಲ್ಲ. ನಾನಂತೂ ಹತ್ತಲ್ಲ."

ಅಮ್ಮ ನನ್ನನ್ನೇ ನೋಡಿದರು. "ಭಾಳ ಓದಿದ್ದೀಯ ಕಣೇ ನೀನು. ಸುಮ್ನೆ ಹೆದ್ರುತಿದ್ದೋರಿಗೆ ಪಾಠ ಹೇಳ್ಕೊಟ್ಟು ಹೆದರ್ಸ್ದೆ."

ನನ್ನ ಗೆರೆ ತಿರುಗಿ ಮೇಲಕ್ಕೆ ಹೊರಟಿತ್ತು.

ಸಂಜೆ ಹಗರೆಯಿಂದ ಮಾವನ ಹೆಂಡತಿ ಫೋನ್ ಮಾಡಿ, ಹೆಸರು ಸೇರಿಸಬೇಕೋ ಬೇಡವೋ ಎಂದು ಕೇಳಿದರು. "ಬೆಳಿಗ್ಗೆ ಹೇಳ್ತೀನಿ ಕಣಮ್ಮ," ಎಂದ ಅಮ್ಮನ ದನಿ ಬೇಡ ಎನ್ನುವುದಕ್ಕೆ ಆಗಲೇ ಅಭ್ಯಾಸ ಮಾಡಿಕೊಳ್ಳುತ್ತಿತ್ತು. ಫೋನಿಟ್ಟು ಬಂದು ನನ್ನ ಪಕ್ಕ ಕೂತರು.

"ಇದ್ರಲ್ಲಿ ಡ್ರೈವರ್ ಸೀಟೊಂದೇ ಇರೋದಾ? ಪ್ಯಾಸೆಂಜರ್ ಸೀಟಿಲ್ವಾ?"

"ಇದೆ."

"ಹಂಗಾದ್ರೆ ಕೂರ್ಸು. ಕಾಶಿಗ್ ಹೋಗ್ದಿದ್ರೂ ಹಗರೆನಾದ್ರೂ ಮೇಲಿಂದ ನೋಡಾನ."

ನೋಟವನ್ನು ಪ್ರಯಾಣಿಕರ ಕಿಟಕಿಗೆ ಬದಲಿಸಿದೆ. ಡ್ರೈವರ್ ಸೀಟು ಹೋಯಿತು, ಮೀಟರುಗಳು ಹೋದವು; ಒಂದು ದುಂಡನೆಯ ಕಿಟಕಿ, ಅದರಾಚೆ ರೆಕ್ಕೆಯ ತುದಿ, ಕೆಳಗೆ ನೆಲ. ವಿಮಾನ ತಾನೇ ಹಾರಿಕೊಳ್ಳುವಂತೆ ಮಾಡಿ ಫೋನನ್ನು ಚೊಂಬಿಗೆ ಒರಗಿಸಿಟ್ಟೆ. ಎತ್ತರದಲ್ಲಿ ಜಾವಗಲ್ ದಾಟಿತು. ಯಾರೂ ನಿಲ್ಲಿಸಲಿಲ್ಲ.

"ಇದೇನೇ ಇಷ್ಟೊಂದು ನೀರು?" ಎಂದರು ಅಮ್ಮ.

"ಹಳೇಬೀಡು ಕೆರೆ."

ಆಚೆ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ ಅಪ್ಪ ತಲೆಯೆತ್ತಲಿಲ್ಲ. "ಹಳೇಬೀಡು ಕೆರೆ ಅಷ್ಟ್ ದೊಡ್ಡದಿಲ್ಲ."

"ಬಂದ್ ನೋಡ್ರೀ."

ಅಪ್ಪ ಬಂದರು. ಕನ್ನಡಕ ಏರಿಸಿ ಬಗ್ಗಿ ನೋಡಿದರು. ನೀಲಿ ನೀರು ಕಿಟಕಿಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಿಧಾನವಾಗಿ ಸರಿಯುತ್ತಿತ್ತು.

"ಬಸ್‌ಸ್ಟ್ಯಾಂಡ್ ತಾವ ಒಂಚೂರು ನೀರು ಕಾಣದು ಅಷ್ಟೇ…" ಎಂದರು.

"ಜೀವಮಾನ ಎಲ್ಲ ಅದರ ಮಗ್ಗುಲಲ್ಲೇ ಹೋಗಿದ್ದೀರಲ್ರೀ!"

"ನಾನ್ ರೋಡ್ ನೋಡ್ತಿದ್ನಾ, ಕೆರೆ ನೋಡ್ತಿದ್ನಾ?"

ಅಪ್ಪ ನಮ್ಮ ಪಕ್ಕ ಚಾಪೆಯ ಮೇಲೆ ಕೂತರು.

"ಆ ಪಕ್ಕದ್ದು ಯಾವೂರು?"

"ಹುಲಿಕೆರೆ ಇರಬೇಕು."

"ಅಲ್ಲಿ ಮೆಟ್ಲು ಮೆಟ್ಲು ಇರೋ ಕೊಳ ಐತಂತೆ. ಬಸ್ ಹತ್ತಿದೋರು ಹೇಳೋರು. ಬೋ ಚೆಂದಾಗೈತಂತೆ."

ಕೊಳ ಅಷ್ಟು ಮೇಲಿನಿಂದ ಕಾಣುವುದಿಲ್ಲ. ಆದರೂ ಅಪ್ಪ ಆ ಕಡೆಯೇ ನೋಡುತ್ತಿದ್ದರು. ವಿಮಾನ ಹಗರೆಯ ಕಡೆ ವಾಲಿತು. ಅಮ್ಮ ಒಂದು ಹಸಿರು ಚೌಕವನ್ನು ತಮ್ಮ ತವರಿನ ಗದ್ದೆ ಎಂದರು; ಅಪ್ಪ ಅದಲ್ಲ, ಪಕ್ಕದ್ದು ಎಂದರು; ಇಬ್ಬರೂ ಜಗಳಕ್ಕೆ ನಿಂತರು. ನಾನು ಫೋನು ನೋಡುತ್ತಿರಲಿಲ್ಲ. ಅಪ್ಪನ ಬಲಗಾಲನ್ನು ನೋಡುತ್ತಿದ್ದೆ. ಅದು ಚಾಪೆಯ ಮೇಲೆ ಸುಮ್ಮನೆ ಮಲಗಿತ್ತು.

ಸುಮಾರು ಹೊತ್ತಾದ ಮೇಲೆ ಅಪ್ಪ ಕೇಳಿದರು: "ಈ ಸೀಟಲ್ಲಿ ಕೂತೋನು ಏನೂ ಮಾಡಂಗಿಲ್ವಾ?"

"ಇಲ್ಲ. ನೋಡ್ತಾ ಕೂತಿರೋದು."

"ಕಿಟಕಿ ಸೀಟ್ ನಂದು. ಇಲ್ದಿದ್ರೆ ಬರಲ್ಲ."

ಅಮ್ಮ ಬಾಯಿ ತೆರೆದರು. ಅವರಿಗೂ ಕಿಟಕಿಯೇ ಬೇಕಿತ್ತು. ಅದು ನನಗೆ ಅವರ ಮುಖದಲ್ಲೇ ಕಂಡಿತು. ಬಾಯಿ ಮುಚ್ಚಿಕೊಂಡು ಎದ್ದು ಹೋಗಿ, ಬೆಳಿಗ್ಗೆಯವರೆಗೂ ಕಾಯದೆ ಹಗರೆಗೆ ಫೋನ್ ಮಾಡಿದರು.

ಕಾಶಿಗೆ ಹೊರಡುವುದರೊಳಗೆ ಅಪ್ಪ ಬಸ್ ನಿಲ್ದಾಣಕ್ಕೆ ಹೋಗಿ ತಮ್ಮ ಹಳೆಯ ಸಹೋದ್ಯೋಗಿಗಳಿಗೆಲ್ಲ ಎಲ್ಲವನ್ನೂ ಹೇಳಿ ಬಂದಿದ್ದರು. ಮರುದಿನ ಟಿಕೆಟ್ ಹರಿಯುತ್ತಾ ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವಂತೆ ಅಂದರು: "ಏನ್ ಮೇಡಂ, ಜಾವಗಲ್ ಮೇಲೆ ವಿಮಾನ ಬೀಳಿಸ್ತೀರಂತೆ?" ಬೀಳಿಸಿದವಳು ನಾನಲ್ಲ ಎಂದು ಹೇಳಬಹುದಿತ್ತು. ಇಯರ್‌ಫೋನ್ ಹಾಕಿಕೊಂಡೆ.

ಕಾಶಿ ತಲುಪಿದ ಮಾರನೆಯ ದಿನ ಅಮ್ಮ ಫೋನ್ ಮಾಡಿದರು. ಹಿಂದೆ ಗಂಟೆಗಳ ಸದ್ದು, ಜನರ ಗದ್ದಲ.

"ಹೆಂಗಿತ್ತಮ್ಮ ವಿಮಾನ?"

"ನಂಗೇನ್ ಗೊತ್ತು? ನಿಮ್ಮಪ್ಪ ಕಿಟಕಿಯಿಂದ ಈ ಕಡೆ ತಿರುಗ್ಲೇ ಇಲ್ಲ. ನಾನು ಕಾಶಿ ತಂಕ ಅವ್ರ ಬೋಳುತಲೆ ನೋಡ್ಕೊಂಡ್ ಬಂದೆ."

"ಅಪ್ಪ ಹೆದರ್ಲಿಲ್ವಾ?"

"ಹೊರಡೋಕ್ ಮುಂಚೆ ಒಂಚೂರು. ರೋಡಲ್ಲಿ ಬಂದು ನಿಂತ್ಬಿಡ್ತು ಕಣೇ ವಿಮಾನ. ನಿಮ್ಮಪ್ಪ ನನ್ ಕೈ ಗಟ್ಟಿಯಾಗಿ ಹಿಡ್ಕೊಂಡು, ಯಾಕ್ ನಿಂತವ್ನೆ, ಯಾಕ್ ನಿಂತವ್ನೆ ಅಂತಾರೆ. ನಾನು 'ರೈಟ್' ಅಂದೆ."

"ಮೆಲ್ಲಗೆ ತಾನೇ?"

"ಹಗರೆಯೋರಿಗೆಲ್ಲ ಕೇಳಿಸ್ತು. ಎಲ್ರೂ 'ರೈಟ್ ರೈಟ್' ಅಂದ್ರು. ಆಮೇಲೇ ಹೊರಟಿದ್ದು ಅದು."

ಅಪ್ಪನ ದನಿ ತೀರಾ ಹತ್ತಿರದಿಂದ ಕೇಳಿಸಿತು, ಅಮ್ಮನ ಕಿವಿಯ ಪಕ್ಕದಲ್ಲೇ ನಿಂತವರ ಹಾಗೆ: "ಬರೋವಾಗ ನಮ್ಮೂರ್ ಮೇಲೆ ಬತ್ತದಾ ಕೇಳೇ ಅವಳ್ನ. ಬಂದ್ರೆ ಜಾವಗಲ್ ತಾವ ನಿಧಾನ ಮಾಡ್ಬೇಡ ಅಂತ ಡ್ರೈವರ್‌ಗೆ ಮೊದ್ಲೇ ಹೇಳ್ಬೇಕು."

"ಸ್ನಾನ ಆಯ್ತಾ?" ಎಂದು ಕೇಳಿದೆ.

"ಆಯ್ತು. ಇಡ್ತೀನಿ ಕಣೇ ಫೋನು, ಎರಡೂ ಕೈ ಬೇಕು. ಗಂಟು ನೆಂದು ಬಿಗ್ಕೊಂಡ್ಬಿಟ್ಟೈತೆ, ಬಿಚ್ಚಕ್ಕೇ ಬರ್ತಿಲ್ಲ."

"ಎಳೀಬೇಡ ಕಣೇ," ಎಂದು ಅಪ್ಪ ಹೇಳುವುದು ಕೇಳಿಸಿತು, "ನಿಧಾನ ಮಾಡು."