ಮಾಂಸ ತಿನ್ನದವಳ ಬೆಂಕಿ

ಅಂಗಡಿಯವನು ಹೊಗೆಯಲ್ಲಿ ಮಾಂಸ ಬೇಯಿಸುವ ಪೆಲೆಟ್ ಸ್ಮೋಕರಿನ ಮುಚ್ಚಳ ತೆಗೆದು ತೋರಿಸಿದ. ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಸುರಿದು, ಪ್ಲಗ್ ಹಾಕಿ, ಎಷ್ಟು ಶಾಖ ಬೇಕೆಂದು ಒತ್ತಿದರೆ ಮುಗಿಯಿತು. ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ. "ಬಾರ್ಬೆಕ್ಯೂ ಸ್ಪರ್ಧೆಗೆ ಈಗ ತುಂಬಾ ಜನ ಇದನ್ನೇ ಒಯ್ತಾರೆ. ಒಬ್ಬರೇ ಇದ್ರೂ ಸಾಕು, ಪಕ್ಕದಲ್ಲಿ ಯಾರೂ ಬೇಡ," ಎಂದ. ಪಾಪ, ಒಳ್ಳೆಯದಕ್ಕೇ ಹೇಳಿದ್ದ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಯೋಚಿಸಿ ಹೇಳುತ್ತೇನೆಂದು ಹೊರಗೆ ಬಂದು ಸೈಕಲ್ ಹತ್ತಿದೆ.

ಯಾರೂ ಬೇಡವಂತೆ! ನನಗೆ ಬೇಕಾಗಿದ್ದವಳು ಒಬ್ಬಳೇ. ಅವಳು ಧಾರವಾಡದ ಕಡೆಯವಳು, ಇಲ್ಲಿ ಡಚ್ಚರ ನಾಡಿನ ಗ್ರೋನಿಂಗನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಾನು ಮೈಸೂರಿನವಳು, ಇಲ್ಲಿಯ ರಾಜಧಾನಿಯ ವಹಿವಾಟಿನ ಬಡಾವಣೆ ಜೈಡಾಸ್‌ನ ಆಫೀಸಿನಲ್ಲಿ ಕೆಲಸ. ಶನಿವಾರ ಬೆಳಿಗ್ಗೆ ಎರಡು ತಾಸು ರೈಲಿನಲ್ಲಿ ಕೂತು, ನಾನು ಬಾಡಿಗೆಗೆ ಹಿಡಿದಿದ್ದ ತೋಟದ ತುಂಡಿಗೆ ಬರುತ್ತಿದ್ದಳು. ಅಲ್ಲಿ ನಮ್ಮ ಸೆಕೆಂಡ್‌ಹ್ಯಾಂಡ್ ಸ್ಮೋಕರ್ ಇತ್ತು. ಪಕ್ಕದ ಗೂಡಿನಲ್ಲಿ ಸೌದೆ ಉರಿಯಬೇಕು, ಹೊಗೆ ಮಾಂಸದ ಮೇಲೆ ಹಾದು ಕೊಳವೆಯಿಂದ ಹೊರಗೆ ಹೋಗಬೇಕು. ಮಸಾಲೆ ಅರೆದು ಪಕ್ಕೆಲುಬಿಗೆ ಹಚ್ಚುವುದು, ರುಚಿ ನೋಡುವುದು ನನ್ನ ಪಾಲು. ಬೆಂಕಿ ಅವಳದು. ತಮಾಷೆಯೆಂದರೆ ಅವಳು ಜನ್ಮದಲ್ಲಿ ಮಾಂಸ ತಿಂದವಳಲ್ಲ.

"ನಿಂಗ್ಯಾಕೇ ಈ ಉಸಾಬರಿ?" ಎಂದು ಒಮ್ಮೆ ಕೇಳಿದ್ದೆ.

"ಮ್ಯಾಲೆ ಏನಿಟ್ಟಾರ ಅಂತ ಬೆಂಕಿಗೇನ್ ಗೊತ್ತಾಗ್ತೈತಿ? ನಮ್ಮ ಹೊಲದಾಗ ಕುಳ್ಳಿನ ಕೆಂಡದಾಗ ಸೀತನಿ ಸುಡೋದು ನಂದ ಕೆಲಸ ಇತ್ತು," ಎಂದಿದ್ದಳು.

ಎಳೆ ಜೋಳದ ತೆನೆಯನ್ನು ಬೆರಣಿಯ ಕೆಂಡದಲ್ಲಿ ಸೀಯದ ಹಾಗೆ ಸುಟ್ಟವಳಿಗೆ ಇದೇನು ಮಹಾ! ಕೊಳವೆಯ ಬಾಯಿಗೆ ಕರವಸ್ತ್ರ ಹಿಡಿದು, ಮೂಗಿಗೆ ತಂದು, ಹೊಗೆಯ ವಾಸನೆ ಸಿಹಿಯಾದ ಮೇಲೆಯೇ "ಹಾಂ, ಈಗ ಇಡು," ಎನ್ನುತ್ತಿದ್ದಳು. ಅಲ್ಲಿಯವರೆಗೆ ಮಾಂಸ ಒಳಗೆ ಹೋಗುವಂತಿರಲಿಲ್ಲ. ಆ ಕಾಯುವ ಹೊತ್ತಿನಲ್ಲಿ ಎಷ್ಟು ಹರಟಿದ್ದೇವೋ! ಬಾಯಾರಿದಾಗ ನೀರು ಬೇಕೆನ್ನಿಸುವ ಹಾಗೆ ನನಗೆ ಆ ಹರಟೆ ಬೇಕೆನ್ನಿಸುತ್ತದೆ, ಆಫೀಸಿನ ಮೀಟಿಂಗಿನ ನಡುವೆಯೂ.

ಹೋದ ವರ್ಷ ಸ್ಪರ್ಧೆಯ ದಿನ ಮಾತ್ರ ನಾನು ಕಾಯಲಿಲ್ಲ. ಸೌದೆ ತಂದವಳು ನಾನೇ. ಒಣಗಿದೆಯೋ ಇಲ್ಲವೋ ನೋಡಿರಲಿಲ್ಲ. "ಕಟಗಿ ಹಸಿ ಐತಿ. ಬಿಳಿ ಹೊಗಿ ಬರಾಕತ್ತೈತಿ ನೋಡು, ಕಹಿ ಆಗ್ತೈತಿ. ಸ್ವಲ್ಪ ತಡಿ," ಎಂದಳು. ಹೊತ್ತಾಗಿತ್ತು, ನನ್ನ ತಲೆ ಕೆಟ್ಟಿತ್ತು. "ಸುಮ್ನಿರೇ! ತಿನ್ನದೇ ಇರೋಳಿಗೆ ರುಚಿ ಬಗ್ಗೆ ಏನ್ ಗೊತ್ತು?" ಎಂದು ಎಲ್ಲರೆದುರು ಕಿರುಚಿದೆ. ಅವಳು ಕರವಸ್ತ್ರ ಮಡಚಿ ಮೇಜಿನ ಮೇಲಿಟ್ಟು ದೂರ ಹೋಗಿ ಕೂತಳು. ತೀರ್ಪುಗಾರರು ಒಂದೊಂದು ತುತ್ತು ತಿಂದು ನೀರು ಕುಡಿದರು. ನಾನೂ ತಿಂದೆ. ಥೂ, ಬೇವಿನ ಕಷಾಯ!

ತಪ್ಪಾಯಿತು ಎನ್ನಲು ನನ್ನ ಸೊಕ್ಕು ಬಿಡಲಿಲ್ಲ. ಮರುತಿಂಗಳು ಅವಳು ಪಿಎಚ್‌ಡಿ ಮುಗಿಸಿ ಊರಿಗೆ ಹೊರಟಳು. ವಿಮಾನ ನಿಲ್ದಾಣದಲ್ಲಿ "ಹುಷಾರು" ಅಂದೆ, ಅಷ್ಟೇ. ಆಮೇಲೆ ಹಬ್ಬದ ಶುಭಾಶಯ ಬಿಟ್ಟರೆ ಮಾತಿಲ್ಲ.

ಈ ವರ್ಷದ ಸ್ಪರ್ಧೆಗೆ ಹೆಸರು ಕೊಡಲು ಭಾನುವಾರವೇ ಕಡೆಯ ದಿನ. ಪೆಲೆಟ್ ಸ್ಮೋಕರ್ ಕೊಂಡರೆ ಒಬ್ಬಳೇ ನಿಭಾಯಿಸಬಲ್ಲೆ. ಆದರೆ ಕೊಂಡರೆ, ಅವಳಿಲ್ಲದೆಯೂ ನಡೆಯುತ್ತದೆ ಎಂದು ಒಪ್ಪಿಕೊಂಡ ಹಾಗೆ. ಅದು ನನ್ನಿಂದಾಗದು.

ಶನಿವಾರ ತೋಟಕ್ಕೆ ಹೋಗಿ ಹಳೆಯ ಸ್ಮೋಕರಿಗೆ ಬೆಂಕಿ ಹೊತ್ತಿಸಿದೆ. ಸೌದೆ ಚೆನ್ನಾಗಿ ಒಣಗಿದ್ದರೂ ಬಿಳಿ ಹೊಗೆ ದಟ್ಟವಾಗಿ ಎದ್ದಿತು. ವಿಡಿಯೊ ಮಾಡಿ ಅವಳಿಗೆ ಕಳಿಸಿದೆ. ಕೆಳಗೆ ಬರೆದೆ: "ಅವತ್ತು ತಪ್ಪು ನಂದೇ ಕಣೇ. ಹಾಗೆ ಅನ್ನಬಾರದಿತ್ತು. ಈಗ ಇಡ್ಲಾ?"

ಮಾಂಸದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಈ ಸಲ ಕಾದೆ.

ಕೊನೆಗೆ ಫೋನ್ ಸದ್ದು ಮಾಡಿತು. "ಇಡಬ್ಯಾಡ. ಕೆಳಗಿನ ಗಾಳಿ ಬಾಗಲಾ ಪೂರಾ ತೆಗಿ."

ತೆಗೆದೆ. ಉರಿ ಎದ್ದಿತು, ಹೊಗೆ ತೆಳುವಾಗುತ್ತ ಬಂತು. ಹಾಗೆಂದು ಬರೆದೆ.

"ಈಗ ಅರಿವಿ ಹಿಡಿ. ವಾಸನಿ ಹೆಂಗೈತಿ ಹೇಳು."

ಅವಳು ಬಿಟ್ಟುಹೋಗಿದ್ದ ಕರವಸ್ತ್ರವನ್ನೇ ಕೊಳವೆಗೆ ಹಿಡಿದು ಮೂಗಿಗೆ ತಂದೆ. ಅಳು ಬಂತು. ಸಿಹಿಯೋ ಕಹಿಯೋ ಮಾತ್ರ ತಿಳಿಯಲಿಲ್ಲ.

"ನಂಗೆ ಗೊತ್ತಾಗ್ತಿಲ್ಲ ಕಣೇ," ಎಂದು ಬರೆದೆ. "ನೀನೇ ಬೇಕು."