ಹಿಂದಿನಿಂದ ಹೇಳಿಕೊಡುವ ದನಿ

ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜು ಭೂತಗನ್ನಡಿ ಮೇಡಂ ಅವರದು. ಹೆಸರಿಟ್ಟವರು ಹುಡುಗರು, ಸರಿಯಾಗಿಯೇ ಇಟ್ಟಿದ್ದಾರೆ. ಮೊದಲ ವರ್ಷದವರಿಗೆ ಪ್ರಬಂಧ ಬರೆಯಲು ಕಲಿಸುವ ಈ ಹೆಂಗಸು ಮನೆಗೆ ಬಂದ ಹಾಲನ್ನು ನೀರೆಂದೇ ನಂಬಿ ಕಾಯಿಸುವವರು. ಹುಡುಗರು ಚೆನ್ನಾಗಿ ಬರೆದರೆ ಕದ್ದದ್ದು, ಕೆಟ್ಟದಾಗಿ ಬರೆದರೆ ಕದಿಯಲೂ ಬಾರದವರು.

ಇಂಟರ್ನೆಟ್ಟಿನಿಂದ ಎತ್ತಿ ಅಂಟಿಸಿದ ಪ್ರಬಂಧಗಳನ್ನು ಓದಿ ಓದಿ ರೋಸಿಹೋಗಿ, ಈ ವರ್ಷ ಅವರೇ ಒಂದು ಉಪಾಯ ಹೂಡಿದರು. ಹುಡುಗರು ಬರೆಯುವ ಮೊದಲು, ಹೇಳಬೇಕಾದ್ದನ್ನು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸಬೇಕು. ಮೇಡಂ ಅದನ್ನು ಕೇಳಿ ವಾಯ್ಸ್ ಮೆಸೇಜಿನಲ್ಲೇ ತಿದ್ದುತ್ತಾರೆ. ಮತ್ತೊಮ್ಮೆ ಮಾತಾಡಿ ಕಳಿಸಿದ ಮೇಲೆಯೇ ಬರವಣಿಗೆ.

"ಕಾಗದ ಸುಳ್ಳು ಹೇಳುತ್ತೆ, ಗಂಟಲು ಹೇಳಲ್ಲ" ಎಂದು ನಮಗೂ ಪಾಠ ಮಾಡಿದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಮನೆಯ ಬಾಗಿಲಿನ ಬಗ್ಗೆ ಮಾತಾಡಿದ್ದಳು. ಅಕ್ಕನ ಮನೆಯಲ್ಲಿದ್ದು ಓದುವವಳು. ಈ ಸಲ ಫೇಲಾದರೆ ಕಾಲೇಜು ಬಿಡಿಸುತ್ತೇನೆಂದು ಭಾವ ಹೇಳಿಬಿಟ್ಟಿದ್ದ. ಮೊದಲ ರೆಕಾರ್ಡಿಂಗು ಸಪ್ಪೆ. ತಿದ್ದಿ ಕಳಿಸಿದ್ದರಲ್ಲಿ ಮಾತ್ರ, "ಭಾವ ಬಂದರೆ ನಮ್ಮ ಬಾಗಿಲು ಎರಡು ಸಲ ಬಡಿಯುತ್ತದೆ, ಅಕ್ಕ ಬಂದರೆ ಸದ್ದೇ ಇರುವುದಿಲ್ಲ" ಎಂಬ ಮಾತಿತ್ತು. ಭೂತಗನ್ನಡಿಯ ಕಿವಿ ನೆಟ್ಟಗಾಯಿತು. ಮತ್ತೆ ಮತ್ತೆ ಹಾಕಿ ಕೇಳಿದರು. ಹುಡುಗಿಯ ಪ್ರತಿ ಮಾತಿಗೂ ಮುಂಚೆ, ಹಿಂದೆಲ್ಲೋ, ಇನ್ನೊಂದು ಹೆಣ್ಣುದನಿ ಗೊಣಗುತ್ತಿತ್ತು!

"ಸಿಕ್ಕಿಬಿದ್ಲು ನೋಡಿ. ಯಾರೋ ಹೇಳಿಕೊಡ್ತಿದ್ದಾರೆ."

"ಎಲ್ಲಿ, ನಾನೂ ಕೇಳ್ತೀನಿ ಕೊಡಿ" ಎಂದೆ. ಇಯರ್‌ಫೋನ್ ಕೊಡಲಿಲ್ಲ. ನಾನು ಹೋಗಿ ಹುಡುಗಿಯ ಕಿವಿ ಕಚ್ಚಿಬಿಟ್ಟರೆ ಎಂದು ನನ್ನ ಮೇಲೂ ಅನುಮಾನ. ಸೊನ್ನೆ ಹಾಕುತ್ತೇನೆಂದು ಪ್ರಿನ್ಸಿಪಾಲರಿಗೆ ಹೇಳಿ ಬಂದು, ಹುಡುಗಿಯನ್ನು ಕರೆಸಿದರು.

"ಯಾರೇ ಆ ಹೆಂಗಸು?"

"ಯಾವ ಹೆಂಗಸು ಮೇಡಂ?"

"ನಿನ್ನ ಹಿಂದೆ ಕೂತು ಹೇಳಿಕೊಡೋಳು. ಗಂಟಲು ಕೇಳಿದ್ರೇ ಗೊತ್ತಾಗುತ್ತೆ, ಮಹಾ ಜಗಳಗಂಟಿ."

ಹುಡುಗಿಯ ಮುಖ ಬಿಳುಚಿಕೊಂಡಿತು. ಫೋನ್ ತೆಗೆದು ಒಂದು ಮೆಸೇಜು ಹಾಕಿದಳು. "ಇದು ನಿನ್ನ ಮಾತೇನಾ? ಯಾರು ಹೇಳಿಕೊಟ್ರು? ನೀನು ಕಣ್ಣಾರೆ ನೋಡಿದ್ದೇನು, ಅದನ್ನ ಹೇಳು!" ಮೇಡಂ ಅವರೇ ಕಳಿಸಿದ್ದ ವಾಯ್ಸ್ ಮೆಸೇಜು. ನಮಗೆಲ್ಲ ಮೊದಲ ಪದಕ್ಕೇ ಗುರುತು ಸಿಕ್ಕಿತು. ಅವರೊಬ್ಬರಿಗೇ ಸಿಕ್ಕಿರಲಿಲ್ಲ, ಕಳಿಸಿದ್ದನ್ನು ಒಮ್ಮೆಯೂ ತಾವು ಕೇಳಿದವರಲ್ಲ.

"ಅಕ್ಕನ ಫೋನಲ್ಲಿ ಇದನ್ನ ಮತ್ತೆ ಮತ್ತೆ ಹಾಕಿ, ಮನೇಲಿ ಯಾರಿಗೂ ಕೇಳದ ಹಾಗೆ ದಿಂಬಿನ ಕೆಳಗೆ ಇಟ್ಕೋತೀನಿ ಮೇಡಂ" ಎಂದಳು ಹುಡುಗಿ. "ನನ್ನ ಫೋನಲ್ಲಿ ಮಾತಾಡ್ತೀನಿ. ನೀವು ಹಿಂಗೆ ಕೇಳ್ತಾ ಇಲ್ದಿದ್ರೆ ನಾನೂ ಎಲ್ರು ಹೇಳಿದ್ದನ್ನೇ ಹೇಳ್ಬಿಡ್ತೀನಿ."

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದು ಮೂಲೆಯಲ್ಲಿದ್ದ ಗಣಿತದ ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ. ಮೇಡಂ ನನ್ನ ಕಡೆ ತಿರುಗಿ, "ನನ್ನ ದನಿ ಹೀಗಿದೆಯೇನ್ರೀ?" ಎಂದು ಕೇಳಿದರು. ನಾನು ನೀರಿನ ಬಾಟಲಿಯನ್ನು ಅವರ ಮುಂದೆ ಸರಿಸಿದೆ.

ಸೊನ್ನೆಯ ಮಾತನ್ನು ಅಂದೇ ಹಿಂದಕ್ಕೆ ತೆಗೆದುಕೊಂಡರು. ಮರುದಿನ ಮೇಜಿನ ಮುಂದೆ ಕೂತು ಒಂದು ಮೆಸೇಜು ರೆಕಾರ್ಡ್ ಮಾಡಿದರು, ಕೇಳಿದರು, ಅಳಿಸಿದರು, ಮತ್ತೆ ಮಾಡಿದರು. ಕೊನೆಗೆ ಕಳಿಸಿದ್ದು ಇಷ್ಟೇ: "ಬಾಗಿಲಿನ ಮಾತು ತುಂಬಾ ಹಿಡಿಸ್ತು ಮಗಳೇ. ಹಾಗೇ ಬರಿ."

ಕೂಡಲೇ ಹುಡುಗಿಯ ಉತ್ತರ ಬಂತು. ಈ ಬಾರಿ ಮೇಡಂ ಎಲ್ಲರಿಗೂ ಕೇಳುವಂತೆ ಹಾಕಿದರು.

"ಮೇಡಂ, ಇದು ನಿಮ್ಮ ಮಾತೇನಾ? ಯಾರು ಹೇಳಿಕೊಟ್ರು?"

ನಾನು ತಲೆ ತಗ್ಗಿಸಿದೆ. 'ಮಗಳೇ' ಅಂತ ಸೇರಿಸಿ ಎಂದು ಹಿಂದಿನಿಂದ ಹೇಳಿಕೊಟ್ಟವಳು ನಾನೇ.