ದೇಯಿಯಕ್ಕನ ವಾಚು, ನನ್ನ ಕೀಲಿ ಗೊಂಚಲು

ಉರ್ವ ಮಾರ್ಕೆಟ್ಟಿನ ಹಿಂದಿನ ಆ ಕೇಂದ್ರಕ್ಕೆ ನನ್ನನ್ನು ಕರೆದದ್ದು ಸಮಯಪ್ರಜ್ಞೆಯ ಬಗ್ಗೆ ಮಾತನಾಡಲಿಕ್ಕೆ. ಅಂಗವೈಕಲ್ಯವಿರುವ ಇಪ್ಪತ್ತು ಮಂದಿ ಹಗಲು ಅಲ್ಲಿಗೆ ಬಂದು ಕಾಗದದ ಕವರ್ ಅಂಟಿಸುತ್ತಾರೆ. ನಾನು ಎರಡನೆಯ ಚಟಾಕಿಯಲ್ಲಿದ್ದಾಗ, ಎದುರು ಕುಳಿತಿದ್ದ ಮೂವತ್ತರ ಶ್ರವಣ್ ಕುರ್ಚಿಯಿಂದ ಜಾರಿ ಬಿದ್ದ. ಮೈ ಸೆಟೆದು ಅದುರತೊಡಗಿತು. ಫಿಟ್ಸ್. ನನ್ನ ಭಾಷಣಕ್ಕೆ ಜನ ನಿದ್ದೆ ಹೋದದ್ದುಂಟು, ಎದ್ದು ಹೋದದ್ದುಂಟು. ಇದು ಮಾತ್ರ ಹೊಸತು.

ಹಾರಿ ಹೋಗಿ ಸ್ಕೂಟರಿನ ಕೀಲಿ ಗೊಂಚಲನ್ನು ಅವನ ಅಂಗೈಗೆ ತುರುಕಿದೆ. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ಬಾಲ್ಯದಿಂದ ಕೇಳಿ ಬೆಳೆದವನು ನಾನು. ಶ್ರವಣನ ಮುಷ್ಟಿ ಬಿಗಿಯಿತು. ಕೀಲಿಯ ಹಲ್ಲು ಅಂಗೈಗೆ ನಾಟಿ ರಕ್ತ ಬಂತು.

"ಸರ್, ಸ್ವಲ್ಪ ಆಚೆ ನಿಲ್ಲಿ" ಎಂದರು ದೇಯಿಯಕ್ಕ.

ದೇಯಿಯಕ್ಕ ಅಲ್ಲಿನ ಸಹಾಯಕಿ. ಐವತ್ತೆರಡು ವರ್ಷ, ಸಣಕಲು ಮೈ, ಕೈಯಲ್ಲಿ ಕುವೈತಿನಿಂದ ತಮ್ಮ ತಂದುಕೊಟ್ಟ ದೊಡ್ಡ ಗಂಡಸರ ವಾಚು. ಅವರು ಮೊದಲು ನೋಡಿದ್ದು ಶ್ರವಣನನ್ನಲ್ಲ, ಆ ವಾಚನ್ನು. ಆಮೇಲೆ ಕುರ್ಚಿ ಸರಿಸಿ, ಅವನ ತಲೆಯಡಿಗೆ ಶಾಲು ಮಡಚಿಟ್ಟು, ಪಕ್ಕದಲ್ಲಿ ಕುಳಿತರು. ಅವನನ್ನು ಅದುಮಿ ಹಿಡಿಯಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ. "ಯಾನ್ ಮುಲ್ಪನೆ ಉಲ್ಲೆ" ಎಂದು, ತಾನು ಇಲ್ಲೇ ಇದ್ದೇನೆಂದು, ತುಳುವಿನಲ್ಲಿ ಹೇಳುತ್ತ ವಾಚಿನ ಮುಳ್ಳನ್ನೇ ನೋಡುತ್ತಿದ್ದರು. ಎಂಥ ಕಲ್ಲು ಹೃದಯ ಎಂದುಕೊಂಡೆ.

"ಎಂತಾದ್ರೂ ಮಾಡಿ" ಎಂದೆ.

"ಮಾಡ್ತಾ ಇದ್ದೇನೆ ಸರ್. ಐದು ನಿಮಿಷ ದಾಟಿದ್ರೆ ಮೂಗಿಗೆ ಮದ್ದಿನ ಸ್ಪ್ರೇ, ಆಂಬುಲೆನ್ಸ್. ಈಗ ಎರಡೂವರೆ."

ಮೂರು ನಿಮಿಷ ಹತ್ತು ಸೆಕೆಂಡಿಗೆ ಅದುರುವುದು ನಿಂತಿತು. ಅವನನ್ನು ಮಗ್ಗುಲಿಗೆ ಹೊರಳಿಸಿ, ಉಸಿರು ನೋಡಿ, ಸಡಿಲವಾದ ಮುಷ್ಟಿಯಿಂದ ಕೀಲಿ ತೆಗೆದು ನನಗೆ ಕೊಟ್ಟರು. ಒರೆಸಿಯೇ ಕೊಟ್ಟರು. ಸಮಯಪ್ರಜ್ಞೆ ಎಂಬ ಪದದಲ್ಲಿ ಸಮಯ ಇದೆಯೆಂದು ಭಾಷಣಕಾರನಿಗೆ ಹೊಳೆದದ್ದು ಆಗ.

ಕಷ್ಟ ಶುರುವಾದದ್ದು ಆಮೇಲೆ. ಶ್ರವಣನ ತಾಯಿ ಜಯ ಕಳೆದ ತಿಂಗಳೇ ಹೇಳಿಟ್ಟಿದ್ದರಂತೆ: ಇನ್ನೊಮ್ಮೆ ಗಾಯ ಮಾಡಿಕೊಂಡು ಬಂದರೆ ಮಗನನ್ನು ಮನೆಯಲ್ಲೇ ಕೂರಿಸುತ್ತೇನೆ. ಮನೆಯಲ್ಲಿ ಅವನಿಗೆ ಗೋಡೆ ಮತ್ತು ಟಿವಿ. ಇಲ್ಲಿ ದಿನಕ್ಕೆ ಇನ್ನೂರು ಕವರ್, ಬೈಯಲಿಕ್ಕೆ ಗೆಳೆಯರು.

ದೇಯಿಯಕ್ಕ ಅವಘಡದ ಪುಸ್ತಕ ಬಿಡಿಸಿದಾಗ ಮ್ಯಾನೇಜರ್ ಸರ್ವೋತ್ತಮರು ತಡೆದರು.

"ಅಂಗೈದು ಬರೀಬೇಡಿ ದೇಯಿಯಕ್ಕ. ಜಯಕ್ಕ ಹುಡುಗನನ್ನು ಬಿಡಿಸ್ತಾರೆ. ಮತ್ತೆ ಇವರು ಅತಿಥಿ."

"ಲೂರ್ಡ್ಸ್ ಬಾಯಿ ಬಿದ್ದದ್ದೂ ಬರೀಬೇಡಿ ಅಂದದ್ದು ನೀವೇ ಅಲ್ವಾ?"

ಸರ್ವೋತ್ತಮರು ಫ್ಯಾನು ನೋಡಿದರು. ಲೂರ್ಡ್ಸ್ ಬಾಯಿ ಇಲ್ಲಿನ ಹಳೆಯ ಸಹಾಯಕಿ. ಒಬ್ಬರನ್ನು ಗಾಲಿಕುರ್ಚಿಯಿಂದ ಒಂಟಿಯಾಗಿ ಎತ್ತಲು ಹೋಗಿ ಸೊಂಟ ಹಿಡಿದು ಬಿದ್ದಿದ್ದರು. ಎಲ್ಲಿಯೂ ಬರೆದಿಡದ ಕಾರಣ ಅವರು ಮನೆಯಲ್ಲಿ ಬಿದ್ದದ್ದೆಂದೇ ಆಯಿತು, ಪರಿಹಾರ ಸಿಗಲಿಲ್ಲ, ಮತ್ತೆ ಕೆಲಸಕ್ಕೆ ಬರಲಿಲ್ಲ. ಅಂದಿನಿಂದ ಇಲ್ಲಿ ಯಾರನ್ನೂ ಒಬ್ಬರೇ ಎತ್ತುವಂತಿಲ್ಲ. ಆಮೇಲೆ ಶುರುವಾದ ಈ ಪುಸ್ತಕ ದೇಯಿಯಕ್ಕನ ಕೈಯಿಂದ ಇಳಿಯುವುದಿಲ್ಲ. ಅದರ ಮೊದಲ ಪುಟದಲ್ಲಿರುವುದು ಅವರದ್ದೇ ತೋರುಬೆರಳು. ಕೆಲಸಕ್ಕೆ ಸೇರಿದ ವರ್ಷ, ಫಿಟ್ಸ್ ಬಂದವರ ಬಾಯಿಗೆ ಬೆರಳಿಟ್ಟು ಕಚ್ಚಿಸಿಕೊಂಡದ್ದನ್ನು ಹಳೆಯ ತಾರೀಕು ನೆನಪಿಸಿಕೊಂಡು ಬರೆದಿದ್ದರು. ಕಾರಣದ ಕಾಲಮಿನಲ್ಲಿ: ನನಗೆ ಗೊತ್ತಿರಲಿಲ್ಲ.

ಇವತ್ತಿನ ಕಾರಣದ ಕಾಲಮಿನಲ್ಲಿ, ದುಂಡು ಅಕ್ಷರದಲ್ಲಿ: ಅತಿಥಿಯ ಕೀಲಿ. ನಲವತ್ತು ಲೇಖನ ಬರೆದವನ ಬಗ್ಗೆ ಇಷ್ಟು ಚುಟುಕಾಗಿ ಯಾರೂ ಬರೆದಿಲ್ಲ.

ಅಂಗೈ ತೊಳೆದು ಪಟ್ಟಿ ಕಟ್ಟಿದ ಮೇಲೆ ದೇಯಿಯಕ್ಕ ವರಾಂಡಕ್ಕೆ ಹೋಗಿ ಜಯಕ್ಕನಿಗೆ ಫೋನ್ ಮಾಡಿದರು. ಎಲ್ಲವನ್ನೂ ಹೇಳಿದ್ದು ಕೇಳಿಸಿತು: ಮೂರು ನಿಮಿಷ ಹತ್ತು ಸೆಕೆಂಡು, ಅಂಗೈ, ಕೀಲಿ. ಆಮೇಲೆ ಬಹಳ ಹೊತ್ತು ಬರೀ "ಹ್ಞೂಂ". ಒಳಗೆ ಶ್ರವಣ್ ಕಣ್ಣು ಬಿಟ್ಟು, ತನ್ನ ಕವರ್ ಕಟ್ಟನ್ನು ಯಾರಾದರೂ ಮುಟ್ಟಿದರಾ ಎಂದು ವಿಚಾರಿಸುತ್ತಿದ್ದ.

ದೇಯಿಯಕ್ಕ ಬಂದು ಪುಸ್ತಕ ಮುಚ್ಚಿದರು. "ಇಷ್ಟು ಸರಿಯಾಗಿ ಯಾರೂ ಹೇಳಿದ್ದಿಲ್ಲ ಅಂದ್ರು. ಶ್ರವಣ್ ನಾಳೆಯೂ ಬರ್ತಾನೆ. ಆ ಅತಿಥಿ ಬರ್ತಾರಾ ಅಂತ ಕೇಳಿದ್ರು."

"ನೀವೆಂತ ಹೇಳಿದ್ರಿ?" ಎಂದೆ.

"ಬಂದ್ರೆ ಕೀಲಿ ಗೇಟಲ್ಲಿ ಕೊಟ್ಟು ಬರ್ತಾರೆ ಅಂದೆ."